ಚುಕ್ಕೆಯೋ, ಗೆರೆಯೋ?

"ಈ ಹುಡುಗಿ ನಂಗಿಷ್ಟ ಆಗ್ಲಿಲ್ಲ ಅಮ್ಮ. ಬರೀ ಸುಳ್ಳು ಹೇಳ್ತಾಳೆ."

ಭಾನುವಾರ ಮಗಳು ಪುಸ್ತಕ ಮುಚ್ಚಿ ಹೀಗಂದಾಗ ಮೇಲ್ಮನೆಯ ಅಜ್ಜಿ ನಮ್ಮ ಅಡುಗೆಮನೆಯಲ್ಲೇ ಕಾಫಿ ಕುಡಿಯುತ್ತಿದ್ದರು. ಶಾಲೆಯಲ್ಲಿ ಓದಲು ಕೊಟ್ಟ ಕಾದಂಬರಿ ಅದು. ಈಗ ನಾವಿರುವ ಬರ್ಲಿನ್ ಎರಡಾಗಿದ್ದಾಗ, ಸಮಾಜವಾದಿ ಪೂರ್ವ ಜರ್ಮನಿಗೆ ಸೇರಿದ್ದ ಹಳೇ ಪೂರ್ವ ಬರ್ಲಿನ್ ಕಥೆ. ನಾಯಕಿಗೆ 14 ವರ್ಷ, ನನ್ನ ಮಗಳದ್ದೇ ವಯಸ್ಸು. ಎಲ್ಲರ ಜೊತೆ ನಿಂತು ಸಮಾಜವಾದದ ಪರ ಪ್ರಮಾಣ ಮಾಡುತ್ತಾಳೆ. ಮನೆಗೆ ಬಂದು ಸಣ್ಣ ಸದ್ದಿನಲ್ಲಿ, ಸರ್ಕಾರಕ್ಕೆ ಹಿಡಿಸದ ಪಶ್ಚಿಮ ಜರ್ಮನಿಯ ಟಿವಿ ನೋಡುತ್ತಾಳೆ.

ಅಜ್ಜಿಯೂ ಪೂರ್ವ ಜರ್ಮನಿಯಲ್ಲೇ ಬೆಳೆದವರು. ಹುಟ್ಟಿದ್ದು ಬರ್ಲಿನ್ ಗೋಡೆ ಎದ್ದ ವರ್ಷ, 1961ರಲ್ಲಿ. ಹಳೇದನ್ನೆಲ್ಲ ಹೇಳಿಕೊಳ್ಳುವವರಲ್ಲ. ಅವತ್ತು ಪೆನ್ಸಿಲ್ ಕೇಳಿದರು. ಅಂಗಡಿ ಬಿಲ್ಲಿನ ಹಿಂಬದಿ ಎರಡು ಗಡಿಯಾರ ಬರೆದರು. ಒಂದಕ್ಕೆ ಅಂಕಿಯ ಜಾಗದಲ್ಲಿ ಚುಕ್ಕೆ, ಇನ್ನೊಂದಕ್ಕೆ ಗೆರೆ.

"ಒಂದನೇ ಕ್ಲಾಸಲ್ಲಿ ಟೀಚರ್ ಕೇಳಿದ್ರು. ನಿಮ್ಮನೆ ಟಿವಿಯಲ್ಲಿ ವಾರ್ತೆಗೆ ಮುಂಚೆ ಬರೋ ಗಡಿಯಾರದಲ್ಲಿ ಚುಕ್ಕೆ ಇರುತ್ತಾ, ಗೆರೆ ಇರುತ್ತಾ?"

ಒಂದು ಪೂರ್ವದ ಚಾನೆಲ್‌ನದು, ಇನ್ನೊಂದು ಪಶ್ಚಿಮದ್ದು. ಮನೆಯಲ್ಲಿ ಯಾವುದು ನೋಡುತ್ತಾರೆ ಅಂತ ಉತ್ತರದಲ್ಲೇ ತಿಳಿಯುತ್ತಿತ್ತು. ಏಳು ವರ್ಷದ ಮಗುವಿಗೆ ಅದೆಲ್ಲ ಏನು ಗೊತ್ತು? ಉತ್ತರ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಕೈ ಎತ್ತಿದರಂತೆ.

ಆಮೇಲೆ ಅಪ್ಪನನ್ನು ಕರೆಸಿದರು. ಅಪ್ಪ ಬೈಯಲಿಲ್ಲ. ರಾತ್ರಿ ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಹೊರಗೆ ಏನು ಹೇಳಬೇಕು ಅಂತ ಮಗ್ಗಿ ಥರ ಬಾಯಿಪಾಠ ಮಾಡಿಸಿದರಂತೆ.

ವಾರವಿಡೀ ನನ್ನ ತಲೆಯಲ್ಲಿ ಅದೇ. ಚುಕ್ಕೆಯೋ, ಗೆರೆಯೋ? ತರಕಾರಿ ಹೆಚ್ಚುವಾಗಲೂ ಆ ಪುಟ್ಟ ಕೈ ಕಣ್ಣಿಗೆ ಕಟ್ಟುತ್ತದೆ. ಟೀಚರ್‌ಗೂ ಮೇಲಿನವರ ಭಯ ಇದ್ದಿರಬೇಕು ಅನ್ನುತ್ತಾರೆ ಅಜ್ಜಿ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಮಗುವಿನ ಬಾಯಿಂದ ಅಪ್ಪನ ಗುಟ್ಟು ಹೊರಡಿಸುವವರನ್ನು ನಾನು ಟೀಚರ್ ಅಂತ ಕರೆಯಲಾರೆ.

1989ರಲ್ಲಿ ಪೂರ್ವ ಜರ್ಮನಿಯ ಸ್ಟಾಸಿ ಎಂಬ ಗೂಢಚಾರ ಇಲಾಖೆಗೆ ಸುಮಾರು 91 ಸಾವಿರ ನೌಕರರಿದ್ದರು. ಗುಟ್ಟಾಗಿ ಸುದ್ದಿ ಕೊಡುವವರು 1 ಲಕ್ಷ 80 ಸಾವಿರ ದಾಟಿದ್ದರು. ದೇಶದ ಜನಸಂಖ್ಯೆ ಒಂದೂಮುಕ್ಕಾಲು ಕೋಟಿಯೂ ಇರಲಿಲ್ಲ. ಹಾಗೆ ಖುಷಿಯಿಂದ ಕೈ ಎತ್ತಿದ ಮಕ್ಕಳು ಈ ಲೆಕ್ಕದಲ್ಲಿ ಬರುವುದಿಲ್ಲ ಅಲ್ವಾ?

1992ರಿಂದ ಜನ, ಸ್ಟಾಸಿ ತಮ್ಮ ಬಗ್ಗೆ ಬರೆದಿಟ್ಟ ಕಡತ ತರಿಸಿ ಓದಬಹುದು. ಅದೆಲ್ಲ ಇಟ್ಟಿರುವ ಬರ್ಲಿನ್‌ನ ಲಿಖ್ಟೆನ್‌ಬರ್ಗ್ ಬಡಾವಣೆ ನಮ್ಮನೆಗೆ ಹತ್ತಿರವೇ. ಅಜ್ಜಿ ಒಮ್ಮೆಯೂ ಹೋಗಿಲ್ಲ. ಮಗಳು ಯಾಕೆ ಅಂತ ಕೇಳಿಯೇಬಿಟ್ಟಳು.

"ಅಪ್ಪನ ಕಡತದಲ್ಲಿ ನನ್ನ ಉತ್ತರ ಬರೆದಿಟ್ಟಿದ್ರೆ?" ಅಂದರು. ಕಪ್ಪನ್ನು ತಾವೇ ತೊಳೆದಿಟ್ಟು ಹೋದರು.

ಮಗಳು ಕಾದಂಬರಿಯನ್ನು ಮೊದಲಿಂದ ಓದುತ್ತಿದ್ದಾಳೆ. ಆ ಬಿಲ್ಲು ಪುಟದ ಗುರುತಿಗೆ ಇದೆ. ನಿನ್ನೆ ರಾತ್ರಿ ದೀಪ ಆರಿಸಲು ಹೋದಾಗ ಕೇಳಿದಳು.

"ಅಮ್ಮ, ಆಗ ಇಲ್ಲಿದ್ದಿದ್ರೆ ನೀನೂ ನಂಗೆ ಸುಳ್ಳು ಹೇಳೋದು ಕಲಿಸ್ತಿದ್ಯಾ?"

ಸುಳ್ಳು ಹೇಳಬೇಡ ಅಂತ ಹುಟ್ಟಿದಾಗಿನಿಂದ ಹೇಳುತ್ತ ಬಂದವಳು ನಾನು.

"ಕಲಿಸ್ತಿದ್ದೆ" ಅಂದೆ.