ಹಳೆ ಕಂಪ್ಯೂಟರಿಗೆ ಹೊಸ ಓಎಸ್ ಹಾಕುವ ಮುಂಚೆ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಅನ್ನುವ ತನ್ನ ಓಎಸ್‌ನ (ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಕೈಬಿಟ್ಟಿತು, ಅಂದರೆ ಅದಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಆಮೇಲಿಂದ ಗೊತ್ತಿರುವವರೆಲ್ಲ ನನ್ನನ್ನು ಕೇಳುವುದು ಒಂದೇ. ಮನೆಯಲ್ಲಿರುವ ಹಳೆ ಕಂಪ್ಯೂಟರ್ ಎಸೆಯಬೇಕಾ? ಬೇಡ. ಆದರೆ ಏನು ಮಾಡಬೇಕು ಅಂದರೆ ಎಲ್ಲ ಕಂಪ್ಯೂಟರಿಗೂ ಹೊಂದುವ ಉತ್ತರ ನನ್ನ ಹತ್ತಿರ ಇಲ್ಲ. ನಮ್ಮ ಮನೆಯಲ್ಲೇ ಮೂರು ಹಳೆ ಕಂಪ್ಯೂಟರ್ ಇದ್ದವು, ಒಂದೊಂದಕ್ಕೂ ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. ಮೂರಕ್ಕೂ ಮೊದಲು ಮಾಡಿದ ಕೆಲಸ ಮಾತ್ರ ಒಂದೇ: ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳಿಂದಾದ ಡಿಸ್ಕ್) ಹಾಕಿದೆ.

ಓಎಸ್ ಬಗ್ಗೆ ಹೇಳುತ್ತೀನಿ ಅಂತ ಡಿಸ್ಕ್ ಪುರಾಣ ಯಾಕೆ ಅನ್ನಬೇಡಿ. ಹಳೆ ಕಂಪ್ಯೂಟರ್ ಅಂದ ಕೂಡಲೇ ಜನ ಹೇಳುವ ದೂರು ‘ತುಂಬಾ ಸ್ಲೋ’ ಅಂತ, ಮತ್ತು ಹೊಸ ಓಎಸ್ ಹಾಕಿದರೆ ಅದು ಸರಿಹೋಗುತ್ತದೆ ಅಂತ ನಂಬಿರುತ್ತಾರೆ. ಹೋಗುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಸಣ್ಣ ಫೈಲ್ ಬೇಕು ಅಂದರೂ ತಟ್ಟೆ ತಿರುಗಬೇಕು, ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು. ಹೀಗೆ ಅಲ್ಲಿ ಇಲ್ಲಿ ಚದುರಿದ ಫೈಲ್‌ಗಳನ್ನು ಅದು ಸೆಕೆಂಡಿಗೆ ಸುಮಾರು 100 ಸಲ ಓದಿದರೆ ದೊಡ್ಡದು. ಸಾಧಾರಣ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಇತ್ತ ವಿಂಡೋಸ್ 10 ಆಗಲಿ 11 ಆಗಲಿ ಆನ್ ಆದ ತಕ್ಷಣ ಹಿಂದುಗಡೆ ವೈರಸ್ ಸ್ಕ್ಯಾನ್, ಅಪ್‌ಡೇಟ್ ಹುಡುಕಾಟ, ಫೈಲ್ ಇಂಡೆಕ್ಸ್ ಎಲ್ಲ ಒಟ್ಟಿಗೇ ಶುರುಮಾಡುತ್ತದೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ, ಪ್ರೊಸೆಸರ್ ಆರಾಮಾಗಿ ಕೂತಿರುತ್ತದೆ, ಡಿಸ್ಕ್ ಮಾತ್ರ 100% ಅಂತ ಕೆಂಪಾಗಿರುತ್ತದೆ. ಹಾಗಿದ್ದರೆ ನಿಮ್ಮ ತೊಂದರೆಗೂ ಓಎಸ್‌ಗೂ ಸಂಬಂಧ ಕಡಿಮೆ.

ರ್‍ಯಾಮ್ 4 ಜಿಬಿ ಇದ್ದರೆ 8 ಮಾಡಿ. ಇದಕ್ಕೆ ಜಾಸ್ತಿ ವಿವರಣೆ ಬೇಡ, ಬ್ರೌಸರ್ ಬಳಸುವವರಿಗೆಲ್ಲ ಗೊತ್ತಿರುವ ವಿಷಯ.

ಇನ್ನು ಓಎಸ್. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅದಕ್ಕೆ ಬೇಕಾದ ಪಟ್ಟಿಯಲ್ಲಿ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಇವೆಲ್ಲ ಯಾರಿಗೂ ದೊಡ್ಡ ವಿಷಯ ಅಲ್ಲ. ಗಂಟು ಬೀಳುವುದು ಮೂರು ಕಡೆ: ಟಿಪಿಎಂ 2.0 (ಭದ್ರತೆಯ ಕೀಗಳನ್ನು ಕಾಯುವ ವ್ಯವಸ್ಥೆ), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವುದು), ಮತ್ತೆ ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗೆ, ಎಎಂಡಿ ಆದರೆ ರೈಜನ್ 2000 ಸರಣಿಯಿಂದ ಈಚೆಗೆ. ಅಂದರೆ 2017ರ ಕೊನೆ, 2018ರ ಆಸುಪಾಸಿನಲ್ಲಿ ಒಂದು ಗೆರೆ ಎಳೆದುಬಿಟ್ಟಿದ್ದಾರೆ. ಗೆರೆಯ ಆಚೆ ಇರುವ 6 ಮತ್ತು 7ನೇ ತಲೆಮಾರಿನ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಟಿಪಿಎಂ 2.0 ಇದೆ, ಸೆಕ್ಯೂರ್ ಬೂಟ್ ಕೂಡ ಇದೆ, ಆದರೂ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಹೊರಗೆ. ನನಗೆ ಈಗಲೂ ಇದು ಸರಿ ಅನ್ನಿಸುವುದಿಲ್ಲ. ಭದ್ರತೆ ಮುಖ್ಯ ಅನ್ನುವುದು ನಿಜ, ಆದರೆ ನೆಟ್ಟಗೆ ಕೆಲಸ ಮಾಡುವ ಯಂತ್ರಗಳನ್ನು ಒಂದು ಪಟ್ಟಿ ಹಿಡಿದು ಮೂಲೆಗೆ ಸೇರಿಸುವುದು ಬೇರೆ.

ನನ್ನ ಡೆಸ್ಕ್‌ಟಾಪ್ ಗೆರೆಯ ಈಚೆಗೇ ಇತ್ತು, 8ನೇ ತಲೆಮಾರು. ಆದರೂ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಆ್ಯಪ್ ಓಡಿಸಿದರೆ ‘ನಡೆಯುವುದಿಲ್ಲ’ ಅಂತ ಬಂತು. ಇಲ್ಲೇ ಎಷ್ಟೋ ಜನ ಕೈಚೆಲ್ಲಿ ಹೊಸ ಕಂಪ್ಯೂಟರ್ ಹುಡುಕಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ ಟಿಪಿಎಂ ಪ್ರೊಸೆಸರ್ ಜೊತೆಯಲ್ಲೇ ಬಂದಿರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನದೇ ಸೆಟ್ಟಿಂಗ್ಸ್) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ ಅಂತ ಹುಡುಕಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ. ಟಿಪಿಎಂ ಅಂತಲೇ ಹುಡುಕಿದರೆ ಕೆಲವು ಬೋರ್ಡ್‌ಗಳಲ್ಲಿ ಕಾಣಿಸುವುದೇ ಇಲ್ಲ.

ಅದು ಆನ್ ಆಯಿತು. ಆಮೇಲೆ ಸೆಕ್ಯೂರ್ ಬೂಟ್ ಸರದಿ, ಅಸಲಿ ಕೆಲಸ ಇರುವುದೇ ಇಲ್ಲಿ. ಅದು ಬೇಕಾದರೆ ಕಂಪ್ಯೂಟರ್ ಹಳೆಯ ಲೆಗಸಿ ಮೋಡ್ ಬಿಟ್ಟು ಹೊಸ ಯುಇಎಫ್‌ಐ ಮೋಡ್‌ನಲ್ಲಿ ಬೂಟ್ ಆಗಬೇಕು. ಯುಇಎಫ್‌ಐನಲ್ಲಿ ವಿಂಡೋಸ್ ಬೂಟ್ ಆಗಬೇಕಾದರೆ ಡಿಸ್ಕ್ ಜಿಪಿಟಿ ಮಾದರಿಯಲ್ಲಿರಬೇಕು (ಡಿಸ್ಕನ್ನು ಭಾಗ ಮಾಡುವ ಹೊಸ ಪದ್ಧತಿ ಇದು, ಹಳೆಯದು ಎಂಬಿಆರ್). ನನ್ನದನ್ನು ಜೋಡಿಸಿಕೊಟ್ಟವರು ಹಳೆ ಅಭ್ಯಾಸದಂತೆ ಎಂಬಿಆರ್ ಡಿಸ್ಕ್ ಮಾಡಿ ಲೆಗಸಿಯಲ್ಲೇ ವಿಂಡೋಸ್ ಹಾಕಿದ್ದರು. ನಿಮ್ಮದು ಯಾವುದು ಅಂತ ನೋಡಲು ಸಿಸ್ಟಮ್ ಇನ್ಫರ್ಮೇಶನ್ ತೆರೆಯಿರಿ, ‘ಬಯಾಸ್ ಮೋಡ್’ ಅನ್ನುವ ಸಾಲಿನಲ್ಲಿ ಬರೆದಿರುತ್ತದೆ. ಲೆಗಸಿ ಅಂತ ಇದ್ದರೂ ಎಲ್ಲ ಅಳಿಸಿ ಮೊದಲಿಂದ ಹಾಕಬೇಕಿಲ್ಲ. ವಿಂಡೋಸ್ 10ರ ಒಳಗೇ ಎಂಬಿಆರ್‌ಟುಜಿಪಿಟಿ ಅನ್ನುವ ಪುಟ್ಟ ಟೂಲ್ ಇದೆ, ಫೈಲ್ ಅಳಿಸದೆ ಡಿಸ್ಕಿನ ಮಾದರಿ ಬದಲಿಸುತ್ತದೆ. ಮೊದಲು ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿ. ಅದು ಪಾಸಾದರೆ ಮಾತ್ರ ಕನ್ವರ್ಟ್. ಡಿಸ್ಕ್‌ನಲ್ಲಿ ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಜಾಸ್ತಿ ಇದ್ದರೆ, ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಇದ್ದರೆ ಅದು ಒಪ್ಪುವುದಿಲ್ಲ. ಡಿ ಡ್ರೈವ್, ಇ ಡ್ರೈವ್ ಅಂತ ಒಂದೇ ಡಿಸ್ಕನ್ನು ಚೂರುಚೂರು ಮಾಡಿಸಿಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಆ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ಪಾರ್ಟಿಶನ್ ಅಳಿಸಿ, ಮತ್ತೆ ಓಡಿಸಬೇಕು.

ಕನ್ವರ್ಟ್ ಆದಮೇಲೆ ರೀಸ್ಟಾರ್ಟ್ ಮಾಡುವಾಗ ನೇರ ಬಯಾಸ್‌ಗೆ ಹೋಗಿ ಯುಇಎಫ್‌ಐ ಮೋಡ್‌ಗೆ ಬದಲಿಸಬೇಕು, ಇಲ್ಲದಿದ್ದರೆ ಬೂಟ್ ಆಗುವುದಿಲ್ಲ, ಎಲ್ಲ ಹೋಯಿತು ಅಂತ ಎದೆ ಧಸಕ್ ಅನ್ನುತ್ತದೆ. ಇನ್ನೊಂದು ವಿಷಯ. ತುಂಬಾ ಹಳೆ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡಿದ್ದರೆ ಲೆಗಸಿ ಆಫ್ ಮಾಡಿದ ಮೇಲೆ ಪರದೆಯಲ್ಲಿ ಏನೂ ಬರದೇ ಇರಬಹುದು. ಕಾರ್ಡಿನಲ್ಲೇ ಯುಇಎಫ್‌ಐ ಬೆಂಬಲ ಇರಬೇಕು. ಕಾರ್ಡ್ ಕಳಚಿ ಮದರ್‌ಬೋರ್ಡಿನ ವಿಡಿಯೋಗೆ ಮಾನಿಟರ್ ಸಿಕ್ಕಿಸಿ ನೋಡಿ.

ಇಷ್ಟು ಆದಮೇಲೆ ವಿಂಡೋಸ್ 11 ಹಾಕುವುದು ಸುಮ್ನೆ ಕಾಯುವ ಕೆಲಸ. ಫೈಲ್, ಪ್ರೋಗ್ರಾಂ ಎಲ್ಲ ಇದ್ದ ಹಾಗೇ ಉಳಿದವು. ಲೈಸನ್ಸ್ ಕೀ ಕೂಡ ಕೇಳಲಿಲ್ಲ, ಆಕ್ಟಿವೇಟ್ ಆದ ವಿಂಡೋಸ್ 10ರ ಡಿಜಿಟಲ್ ಲೈಸನ್ಸೇ ಸಾಕು. ನಿಮ್ಮದು 32 ಬಿಟ್ ವಿಂಡೋಸ್ 10 ಆದರೆ ಈ ದಾರಿ ಇಲ್ಲ. 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಹೊಸದಾಗಿ ಹಾಕಬೇಕು.

ಒಂದು ಎಚ್ಚರಿಕೆ ಮಾತ್ರ ದೊಡ್ಡದಾಗಿ ಹೇಳುತ್ತೇನೆ. ಈಗಿನ ವಿಂಡೋಸ್ 11ನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದರೆ, ಎಷ್ಟೋ ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದ ಹಾಗೆ ಡಿಸ್ಕಿಗೆ ಬೀಗ ಹಾಕುವುದು) ತಾನಾಗಿಯೇ ಆನ್ ಆಗುತ್ತದೆ. ಅದು ಒಳ್ಳೆಯದೇ. ಆದರೆ ಮುಂದೆ ಯಾವತ್ತೋ ಬಯಾಸ್ ಅಪ್‌ಡೇಟ್ ಮಾಡಿದರೆ, ಟಿಪಿಎಂ ಸೆಟ್ಟಿಂಗ್ ಮುಟ್ಟಿದರೆ, ಬೂಟ್ ಆಗುವಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಅಕೌಂಟ್‌ನಲ್ಲಿರುತ್ತದೆ. ಅಕೌಂಟ್ ಮಾಡಿಕೊಟ್ಟವರು ಮಗನೋ, ಅಂಗಡಿಯವರೋ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಅಂತಾದರೆ ಫೋಟೋಗಳೆಲ್ಲ ಕಣ್ಣೆದುರೇ ಇದ್ದೂ ಇಲ್ಲದ ಹಾಗೆ. ಆ ಕೀಯನ್ನು ಇವತ್ತೇ ಕಾಗದದ ಮೇಲೆ ಬರೆದಿಡಿ.

ಎರಡನೆಯದು ತಂಗಿಯ ಲ್ಯಾಪ್‌ಟಾಪ್. 6ನೇ ತಲೆಮಾರು, ಗೆರೆಯ ಆಚೆ. ರುಫಸ್ ಅನ್ನುವ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್ ಮಾಡಿಕೊಂಡರೆ ಈ ತಪಾಸಣೆಗಳನ್ನೆಲ್ಲ ದಾಟಿ ವಿಂಡೋಸ್ 11 ಹಾಕಬಹುದು. ಹಾಕಿಕೊಂಡು ಖುಷಿಯಾಗಿರುವವರೂ ಇದ್ದಾರೆ. ಆದರೆ ಬೇರೆಯವರ ಕಂಪ್ಯೂಟರಿಗೆ ನಾನು ಹಾಗೆ ಮಾಡುವುದಿಲ್ಲ. ಯಾಕೆಂದರೆ ವಿಂಡೋಸ್ 11ರ ಪ್ರತಿ ವಾರ್ಷಿಕ ಆವೃತ್ತಿಗೂ ಮನೆಬಳಕೆಯವರಿಗೆ ಎರಡು ವರ್ಷವಷ್ಟೇ ಆಯಸ್ಸು, ಮತ್ತು ಹೀಗೆ ಹಿಂಬಾಗಿಲಿನಿಂದ ಬಂದ ಕಂಪ್ಯೂಟರಿಗೆ ಮುಂದಿನ ಆವೃತ್ತಿ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಮತ್ತೆ ಪೆನ್‌ಡ್ರೈವ್, ಮತ್ತೆ ಅದೇ ಕಸರತ್ತು. ನನಗೆ ಬಿಡುವಿದ್ದಾಗ ಸರಿ, ಇಲ್ಲದಾಗ ಅವಳೇನು ಮಾಡಬೇಕು?

ಅವಳಿಗೆ ಲೆಕ್ಕ ಬರೆಯಲು ವಿಂಡೋಸ್‌ನಲ್ಲಿ ಮಾತ್ರ ಓಡುವ ಒಂದು ಸಾಫ್ಟ್‌ವೇರ್ ಬೇಕೇ ಬೇಕು, ಹಾಗಾಗಿ ವಿಂಡೋಸ್ ಬದಲು ಹಾಕಬಹುದಾದ ಉಚಿತ ಓಎಸ್ ಲಿನಕ್ಸ್‌ನ ಮಾತಿಲ್ಲ. ಅದರಲ್ಲಿ ವಿಂಡೋಸ್ 10 ಹಾಗೇ ಬಿಟ್ಟು, ಇನ್ನಷ್ಟು ಕಾಲ ಸೆಕ್ಯೂರಿಟಿ ಅಪ್‌ಡೇಟ್ ಕೊಡುವ ಮೈಕ್ರೋಸಾಫ್ಟಿನ ಇಎಸ್‌ಯು ಯೋಜನೆಗೆ ಸೇರಿಸಿದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದರೆ ಅಲ್ಲೇ ಸೇರುವ ಬಟನ್ ಇರುತ್ತದೆ. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿಕೊಂಡರೆ ದುಡ್ಡು ಕೊಡಬೇಕಿಲ್ಲ. ಇದರಿಂದ 2026ರ ಅಕ್ಟೋಬರ್ 13ರವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಬರುತ್ತದೆ. ಇದು ಪರಿಹಾರ ಏನಲ್ಲ, ವಾಯಿದೆ ಅಷ್ಟೆ. ಆದರೆ ಎಸ್‌ಎಸ್‌ಡಿ ಹಾಕಿದ ಮೇಲೆ ಆ ಲ್ಯಾಪ್‌ಟಾಪ್ ಎಷ್ಟು ಚುರುಕಾಗಿದೆ ಅಂದರೆ, ಹೊಸದು ತಗೊಳ್ಳುವ ಮಾತನ್ನೇ ಅವಳು ಬಿಟ್ಟಿದ್ದಾಳೆ. ಆ ಎಸ್‌ಎಸ್‌ಡಿಯನ್ನು ಮುಂದಿನ ಲ್ಯಾಪ್‌ಟಾಪಿಗೆ ಎಕ್ಸ್‌ಟರ್ನಲ್ ಡ್ರೈವ್ ಆಗಿ ಬಳಸಬಹುದಲ್ವಾ, ಖರ್ಚು ದಂಡವಾಗುವುದಿಲ್ಲ.

ಅಪ್‌ಡೇಟ್ ನಿಂತರೆ ಏನಾಗುತ್ತದೆ, ಇಂಟರ್ನೆಟ್ ಇಲ್ಲದೆ ಬಳಸುತ್ತೇನೆ ಅನ್ನುವವರಿಗೆ ನಿಜವಾಗಿ ಹೆಚ್ಚೇನೂ ಆಗುವುದಿಲ್ಲ. ಉಳಿದವರಿಗೆ ಮೊದಲು ಪೆಟ್ಟು ಬೀಳುವುದು ಬ್ರೌಸರ್ ಮೂಲಕ. ವಿಂಡೋಸ್ 7ರ ಕಥೆ ನೆನಪಿಸಿಕೊಳ್ಳಿ. ಅದರ ಬೆಂಬಲ 2020ರ ಜನವರಿಯಲ್ಲಿ ನಿಂತಿತು. ಆಮೇಲೂ ಕ್ರೋಮ್ ಮೂರು ವರ್ಷ ಜೊತೆಗಿತ್ತು, 2023ರ ಆರಂಭದಲ್ಲಿ 109ನೇ ಆವೃತ್ತಿಯೊಂದಿಗೆ ಅದೂ ಕೈಬಿಟ್ಟಿತು. ಆಮೇಲೆ ಒಂದೊಂದೇ ಸೈಟ್ ಮುನಿಸಿಕೊಳ್ಳತೊಡಗಿತು. ನನ್ನ ಪ್ರಕಾರ ಮನೆಯ ಕಂಪ್ಯೂಟರ್ ಕೆಲಸಕ್ಕೆ ಬಾರದ ಹಾಗಾಗುವುದು ಅದರ ಬ್ರೌಸರ್ ಹಳೆಯದಾದ ದಿನ.

ಇನ್ನು ಮೂರನೆಯದು, ಅಪ್ಪನ ಕೋರ್ 2 ಡ್ಯುಯೋ ಪ್ರೊಸೆಸರಿನ ಕಂಪ್ಯೂಟರ್. ಇದಕ್ಕೆ ಈಗಿನ ವಿಂಡೋಸ್ 11 ಯಾವ ಟ್ರಿಕ್‌ನಿಂದಲೂ ಆಗುವುದಿಲ್ಲ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್, ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳು (ಚಿಪ್‌ಗೆ ಅರ್ಥವಾಗುವ ಆದೇಶಗಳು) ಇರಲೇಬೇಕು. ಇಂಟೆಲ್‌ನಲ್ಲಿ ಅವು ಬಂದದ್ದು ಕೋರ್ 2 ಆದಮೇಲಿನ ತಲೆಮಾರಿನಲ್ಲಿ. ಇದು ಪಟ್ಟಿಯ ಜಗಳ ಅಲ್ಲ, ಚಿಪ್‌ನಲ್ಲೇ ಇಲ್ಲ.

ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಹಾಕಿದೆ, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಅಪ್‌ಡೇಟ್ ಸಿಗುತ್ತದೆ, ವಿಂಡೋಸ್ 10ಕ್ಕಿಂತ ಮುಂದಿನ ಬಾಳು. ಅಪ್ಪನಿಗೆ ಬೇಕಾದದ್ದು ಬ್ರೌಸರ್, ಹಾಡು, ಆಗೊಮ್ಮೆ ಈಗೊಮ್ಮೆ ಒಂದು ಪತ್ರದ ಪ್ರಿಂಟ್. ಐಕಾನ್‌ಗಳನ್ನು ಹಳೆ ಜಾಗದಲ್ಲೇ ಜೋಡಿಸಿಟ್ಟೆ. ಬಣ್ಣ ಯಾಕೆ ಹಸಿರಾಯಿತು ಅಂತ ಒಂದು ಪ್ರಶ್ನೆ ಬಂತು, ಮುಗಿಯಿತು.

ಲಿನಕ್ಸ್‌ನಲ್ಲಿ ನನಗೆ ಇಷ್ಟವಾಗುವುದು, ಏನೂ ಅಳಿಸದೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಎಲ್ಲ ಪರೀಕ್ಷಿಸಬಹುದು. ಸೌಂಡ್ ಬರುತ್ತಾ, ವೈಫೈ ಸಿಗುತ್ತಾ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರಾಗುತ್ತಾ ಅಂತ ನೋಡಿಕೊಂಡು ಆಮೇಲೆ ಮನಸ್ಸು ಮಾಡಿ. ಕೆಲವು ಹಳೆ ವೈಫೈ ಚಿಪ್‌ಗಳಿಗೆ ಡ್ರೈವರ್ ಬೇರೆ ಹಾಕಬೇಕು, ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು! ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೊಳ್ಳುವುದು) ಆನ್ ಮಾಡಿದರೆ ಈ ಗೋಜಲು ಬಿಡುತ್ತದೆ. ಅಚ್ಚರಿ ಕೊಟ್ಟದ್ದು ಅಪ್ಪನ ಹಳೆ ಸ್ಕ್ಯಾನರ್. ಅದಕ್ಕೆ ಹೊಸ ವಿಂಡೋಸ್ ಡ್ರೈವರ್ ಕೊಡುವುದನ್ನು ತಯಾರಕರು ಎಂದೋ ನಿಲ್ಲಿಸಿದ್ದಾರೆ. ಲಿನಕ್ಸ್‌ನಲ್ಲಿ ಸಿಕ್ಕಿಸಿದ ಕೂಡಲೇ ಕೆಲಸ ಮಾಡಿತು.

ಇಷ್ಟು ಹಳೆಯ ಕಂಪ್ಯೂಟರ್‌ನಲ್ಲಿ ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿಯನ್ನೂ ಬದಲಿಸಿಬಿಡಿ, ಸಿಆರ್2032 ಅಂತ ಕೇಳಿ. ಅದು ಸತ್ತಿದ್ದರೆ ಪ್ರತಿ ಸಲ ಪವರ್ ಹೋದಾಗ ತಾರೀಕು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಬ್ರೌಸರ್ ಆ ತಾರೀಕು ನೋಡಿ ಸೈಟ್‌ಗಳ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ, ನೀವು ಇಂಟರ್ನೆಟ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಪೆಂಟಿಯಂ 4 ಕಾಲದ, 32 ಬಿಟ್ ಮಾತ್ರ ಗೊತ್ತಿರುವ ಯಂತ್ರ ಆದರೆ ನನ್ನ ಸಲಹೆ ಬೇರೆ: ಬಿಟ್ಟುಬಿಡಿ. 2025ರಲ್ಲಿ ಬಂದ, ಲಿನಕ್ಸ್‌ನ ಇನ್ನೊಂದು ಬಗೆಯಾದ ಡೆಬಿಯನ್ 13 ಕೂಡ ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ.

ಕೊನೆಗೆ ಕಳಚಿಟ್ಟ ಹಳೆ ಹಾರ್ಡ್ ಡಿಸ್ಕ್. ಅದನ್ನು ತಕ್ಷಣ ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ 11 ಇಷ್ಟವಾಗದಿದ್ದರೆ ಹಿಂದಕ್ಕೆ ಹೋಗುವ ಬಟನ್ ಕೆಲಸ ಮಾಡುವುದು 10 ದಿನ ಮಾತ್ರ, ಆಮೇಲೆ ಹಳೆ ಫೋಲ್ಡರ್ ಅಳಿಸಿಹೋಗುತ್ತದೆ. ಯಾವುದೋ ಫೋಲ್ಡರಿನ ಮೂಲೆಯಲ್ಲಿದ್ದ ಫೈಲ್ ನೆನಪಾಗುವುದು ಅದಾದ ಎಷ್ಟೋ ತಿಂಗಳ ಮೇಲೆ. ಡಿಸ್ಕ್ ಮೇಲೆ ಯಾವ ಕಂಪ್ಯೂಟರ್, ಯಾವ ತಾರೀಕು ಅಂತ ಚೀಟಿ ಅಂಟಿಸಿ, ಒಂದು ವರ್ಷ ಡ್ರಾದಲ್ಲಿ ಇಟ್ಟುಬಿಡಿ.