ಇಂಗ್ಲಿಷ್ ಬಾರದ ಮನೆಯವರು ಮಗುವಿನ ಇಂಗ್ಲಿಷಿಗೆ ಹೇಗೆ ನೆರವಾಗಬಹುದು?

ಶಾಲಾ ಪ್ರಾರಂಭೋತ್ಸವಕ್ಕೆ ಕಟ್ಟಿದ ಮಾವಿನ ತೋರಣ ಬಾಡುವುದರೊಳಗೆ, ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳ ತಂದೆಯೋ ತಾಯಿಯೋ ಸ್ಟಾಫ್ ರೂಮಿನ ಬಾಗಿಲಲ್ಲಿ ಕೊಡೆ ಮಡಚಿ ನಿಂತು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಟೀಚರ್, ಮನೆಯಲ್ಲಿ ನಮಗೆ ಯಾರಿಗೂ ಇಂಗ್ಲಿಷ್ ಬರುವುದಿಲ್ಲ, ಮಗುವಿಗೆ ಹೇಳಿಕೊಡುವುದು ಹೇಗೆ?” ಉಡುಪಿ ತಾಲೂಕಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು ಬಾಗಿಲಲ್ಲೇ ನಿಂತು ಕೊಡುವ ಉತ್ತರ, ಬೆಲ್ ಹೊಡೆಯುವ ಗಡಿಬಿಡಿಯಲ್ಲಿ, ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಈ ವರ್ಷ ಹೊಸದಾಗಿ ಬಂದಿರುವ ಎಲ್ಲ ಮನೆಯವರನ್ನೂ ಸ್ವಾಗತಿಸುತ್ತ ಅದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನೀವು ಹೇಳಿಕೊಡಬೇಕಾಗಿಲ್ಲ; ಅದಕ್ಕೆ ನಾನಿದ್ದೇನೆ. ನಿಮ್ಮಿಂದ ಆಗಬೇಕಾದದ್ದು ಮಗು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಳ್ಳುವುದು, ಮತ್ತು ಓದಿದ್ದು ಏನೆಂದು ಅದರ ಬಾಯಿಂದಲೇ ಮನೆಮಾತಿನಲ್ಲಿ ಹೇಳಿಸುವುದು.

ಇದು ಪೋಷಕರನ್ನು ಸಮಾಧಾನಪಡಿಸಲು ಆಡುವ ಮಾತು ಎಂದು ಕೆಲವರಿಗೆ ಅನಿಸುತ್ತದೆಯಾದ್ದರಿಂದ ಕಾರಣವನ್ನೂ ಹೇಳಬೇಕು. ನಮ್ಮ ತರಗತಿಯ ಹೆಚ್ಚಿನ ಮಕ್ಕಳ ಮನೆಯಲ್ಲಿ ಕನ್ನಡವೂ ಆಡುಮಾತಲ್ಲ. ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತ ಬೆಳೆದು, ಅಂಗನವಾಡಿಗೋ ಒಂದನೇ ತರಗತಿಗೋ ಬಂದ ಮೇಲೆ ಕನ್ನಡದ ಓದುಬರಹವನ್ನು ಕಲಿತವರು ಅವರು. ಅಂದರೆ ಮನೆಯಲ್ಲಿಲ್ಲದ ಒಂದು ಭಾಷೆಯನ್ನು ಶಾಲೆಯಲ್ಲಿ ಕಲಿಯುವ ಕೆಲಸವನ್ನು ಈ ಮಕ್ಕಳು ಈಗಾಗಲೇ ಒಮ್ಮೆ ಮಾಡಿ ಮುಗಿಸಿದ್ದಾರೆ. ಇಂಗ್ಲಿಷಿನ ವಿಚಾರದಲ್ಲಿಯೂ ಅವರು ನಿಮಗಿಂತ ಮುಂದಿದ್ದಾರೆ: ನಿಮ್ಮಲ್ಲಿ ಹಲವರು ಎ ಬಿ ಸಿ ಡಿ ಕಂಡದ್ದು ಐದನೇ ತರಗತಿಯಲ್ಲಿ, ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007-08ರಲ್ಲಿ.

ಹಾಗಾದರೆ ಎಂಟನೇ ತರಗತಿಗೆ ಬರುವ ಹೊತ್ತಿಗೆ ಇಂಗ್ಲಿಷ್ ಓದು ಸಲೀಸಾಗಿರಬೇಕಲ್ಲವೇ ಎಂದರೆ, ಬಹಳಷ್ಟು ಮಕ್ಕಳಿಗೆ ಆಗಿರುವುದಿಲ್ಲ. ಜೂನ್ ತಿಂಗಳಲ್ಲಿ ನಾನು ಯಾವ ಮಗುವಿನ ಪಠ್ಯಪುಸ್ತಕವನ್ನು ತೆರೆದು ನೋಡಿದರೂ ಇಂಗ್ಲಿಷ್ ಸಾಲುಗಳ ಮೇಲೆ ಪೆನ್ಸಿಲಿನ ಇನ್ನೊಂದು ಸಾಲು ಕಾಣುತ್ತದೆ. ಅದು ಅರ್ಥವಲ್ಲ, ಉಚ್ಚಾರ. ಪದ ಪದಕ್ಕೂ ಕನ್ನಡ ಅಕ್ಷರ. ಓದು ಎಂದರೆ ಮಗು ಓದುವುದು ಆ ಪೆನ್ಸಿಲ್ ಸಾಲನ್ನು, ಕೆಳಗಿನ ಮುದ್ರಿತ ಸಾಲಿನ ಮೇಲೆ ಕಣ್ಣು ಬೀಳುವುದೇ ಇಲ್ಲ. ಬರೆದಂತೆ ಓದುವ ಲಿಪಿಗೆ ಒಗ್ಗಿದ ಮಗುವಿಗೆ ‘ವಾಕ್’, ‘ಟಾಕ್’ ಎಂಬ ಪದಗಳ ನಡುವೆ ಎಲ್ ಅಕ್ಷರ ಸುಮ್ಮನೆ ಕೂತಿರುವುದು ಅನ್ಯಾಯವಾಗಿ ಕಾಣುವುದು ಸಹಜವೇ. ನಾನು ಮೊದಲ ದಿನವೇ ಆ ಸಾಲನ್ನು ಅಳಿಸಲು ಹೇಳುವುದಿಲ್ಲ. ಪಾಠ ಒಂದೊಂದೇ ಮುಗಿದಂತೆ ಅಳಿಸುತ್ತ ಹೋಗಿ ದೀಪಾವಳಿಯ ಹೊತ್ತಿಗೆ ಹೊಸ ಪಾಠದಲ್ಲಿ ಪೆನ್ಸಿಲ್ ಆಡಿಸಬಾರದು ಎಂದು ಮಕ್ಕಳೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತೇನೆ.

ಈ ಒಪ್ಪಂದ ಉಳಿಯುವುದು ಮನೆಯಲ್ಲಿ ಗಟ್ಟಿ ಓದು ನಡೆದರೆ ಮಾತ್ರ. ನಲುವತ್ತು ನಿಮಿಷದ ಪಿರಿಯಡ್ಡಿನಲ್ಲಿ ಪ್ರತಿಯೊಬ್ಬರ ಓದನ್ನೂ ದಿನಾಲೂ ಕೇಳಲು ನನ್ನಿಂದಾಗದು. ಸಂಜೆ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುವ ತಾಯಿಗೆ ಅದು ಆಗುತ್ತದೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಬಿಗಿಯುವ ಕೈ ತನ್ನಷ್ಟಕ್ಕೆ ನಡೆಯುತ್ತಿರುವಾಗ ಕಿವಿ ಬಿಡುವಾಗಿರುತ್ತದೆ. ಆಕೆಗೆ ಇಂಗ್ಲಿಷ್ ತಿಳಿಯದಿದ್ದರೂ ಮಗನ ದನಿ ಎಲ್ಲಿ ತಡವರಿಸಿತು, ಎಲ್ಲಿ ನುಂಗಿಕೊಂಡು ಮುಂದೆ ಹೋದ ಎಂಬುದು ತಿಳಿಯದೇ ಇರುವುದಿಲ್ಲ. “ಅಲ್ಲಿ ಇನ್ನೊಮ್ಮೆ ಓದು” ಎಂದರೆ ಸಾಕು. ಎರಡನೇ ಸಲವೂ ತಡವರಿಸಿದ ಪದಕ್ಕೆ ಒಂದು ಗೆರೆ ಎಳೆದು ಕಳಿಸಿದರೆ ಮರುದಿನ ಅದನ್ನು ನಾನು ನೋಡಿಕೊಳ್ಳುತ್ತೇನೆ.

ಓದಿದ ಮೇಲೆ ಕಥೆ ಹೇಳಿಸಿ. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹೇಳಿ ಮುಗಿಸಿದ ಮೇಲೆ ಅರ್ಥಧಾರಿ ಅದನ್ನೇ ತನ್ನ ಮಾತಿನಲ್ಲಿ ಬಿಡಿಸುವ ಹಾಗೆ, ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದಿ ಅದರಲ್ಲಿ ಏನಾಯಿತೆಂದು ತುಳುವಿನಲ್ಲಿಯೇ ಹೇಳಲಿ. ಹೇಳಲು ಬಂದರೆ ಅರ್ಥವಾಗಿದೆ. “ಆಮೇಲೆ ಏನಾಯಿತು?”, “ಅವನಿಗೇಕೆ ಸಿಟ್ಟು ಬಂತು?” ಎಂದು ನೀವು ಕೇಳಿ, ಉತ್ತರ ಹುಡುಕಲು ಮಗು ಮತ್ತೆ ಪುಸ್ತಕದ ಕಡೆಗೆ ತಿರುಗಿದರೆ ನನ್ನ ಅರ್ಧ ಪಾಠ ನಿಮ್ಮ ಜಗಲಿಯಲ್ಲಿಯೇ ಮುಗಿದಂತೆ. ಇದರಿಂದ ಪರೀಕ್ಷೆಗೇನು ಲಾಭ ಎಂದು ಕೇಳುವವರಿಗೂ ಉತ್ತರವಿದೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ ಲಿಖಿತ ಪರೀಕ್ಷೆ 80 ಅಂಕಗಳದ್ದು, ಉಳಿದ 20 ಅಂಕ ಶಾಲೆಯಲ್ಲಿ ನಡೆಯುವ ಆಂತರಿಕ ಮೌಲ್ಯಮಾಪನದ್ದು. ಗೈಡಿನ ಉತ್ತರಗಳನ್ನು ಉರುಹೊಡೆದ ಮಗು ಪಾಠದ ಪ್ರಶ್ನೆಗಳನ್ನು ಹೇಗೋ ದಾಟಿಬಿಡುತ್ತದೆ. ಎಂದೂ ಕಾಣದ ಗದ್ಯಭಾಗವನ್ನು ಕೊಟ್ಟು ಪ್ರಶ್ನೆ ಕೇಳಿದಲ್ಲಿ, ಪತ್ರವನ್ನು ಸ್ವಂತವಾಗಿ ಬರೆಯಬೇಕಾದಲ್ಲಿ ಅದರ ಕೈ ನಿಲ್ಲುತ್ತದೆ. (ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, 2025ರಲ್ಲಿ ಅದು ತಿರುಗುಮುರುಗಾಯಿತು. ಈ ಪೈಪೋಟಿಯಿಂದ ನಮ್ಮ ಎರಡು ಜಿಲ್ಲೆಗಳಲ್ಲಿ ಗೈಡುಗಳ ಮಾರಾಟ ಹೆಚ್ಚಿತೇ ಹೊರತು ಓದು ಹೆಚ್ಚಿತೆಂದು ನನಗನಿಸುವುದಿಲ್ಲ.)

ಟ್ಯೂಷನ್ನಿಗೆ ಕಳಿಸಬೇಕೇ ಎಂದರೆ, ಎಂಟನೇ ತರಗತಿಯಲ್ಲಿ ಬೇಡ. ಮೊಬೈಲಿನಲ್ಲಿ ಇಡೀ ಪಾಠವನ್ನು ಕನ್ನಡಕ್ಕೆ ತಿರುಗಿಸಿ ಓದುವುದೂ ಬೇಡ. ಮನೆಯಲ್ಲಿ ಕಥೆಪುಸ್ತಕಗಳಿಲ್ಲ ಎನ್ನುವವರು ತಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿಯ ಗ್ರಂಥಾಲಯಕ್ಕೆ, ಮಗುವನ್ನು ಒಮ್ಮೆ ಕರೆದುಕೊಂಡು ಹೋಗಬೇಕು. ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅಲ್ಲಿ ಕನ್ನಡ ಕಥೆಗಳನ್ನೇ ತಂದು ಓದಿದರೂ ನನಗೆ ಸಂತೋಷ, ಏಕೆಂದರೆ ಕನ್ನಡದಲ್ಲಿ ಒಂದು ಪುಟವನ್ನು ಓದಿ ಸಾರಾಂಶ ಹೇಳಲಾಗದ ಮಗುವಿಗೆ ಇಂಗ್ಲಿಷಿನಲ್ಲಿ ಅದನ್ನು ಕಲಿಸುವುದು ಬಹಳ ಕಷ್ಟ.

ಮಲ್ಪೆಯ ಕಡೆಯ ತಂದೆಯಂದಿರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಶಾಲೆಯ ಮೊದಲ ಎರಡು ತಿಂಗಳು ನೀವು ದಡದಲ್ಲಿಯೇ ಇರುತ್ತೀರಿ. ಬಲೆ ರಿಪೇರಿಯ ಕೆಲಸ ಇದ್ದೇ ಇರುತ್ತದೆ, ಗೊತ್ತು. ಆದರೂ ಗಟ್ಟಿ ಓದಿನ ಅಭ್ಯಾಸ ಹತ್ತಿಸಲು ಇದಕ್ಕಿಂತ ಒಳ್ಳೆಯ ಸಮಯ ವರ್ಷದಲ್ಲಿ ಮತ್ತೆ ಸಿಗುವುದಿಲ್ಲ, ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನಗಳೂ ಇದರಲ್ಲಿಯೇ ಸೇರಿವೆ. ಬೋಟು ಕಡಲಿಗಿಳಿದ ಮೇಲೆ ಮನೆಯ ಬೇರೆ ಯಾರಾದರೂ ಕೇಳಿಸಿಕೊಳ್ಳಲಿ, ಅಜ್ಜಿಯಾದರೂ ಆದೀತು.

ಮೊದಲ ರೂಪಣಾತ್ಮಕ ಪರೀಕ್ಷೆಯ (ವರ್ಷದ ನಡುವೆ ಶಾಲೆಯಲ್ಲಿಯೇ ನಡೆಸುವ ಕಿರು ಪರೀಕ್ಷೆಯ) ಉತ್ತರಪತ್ರಿಕೆ ಸಹಿಗಾಗಿ ಮನೆಗೆ ಬಂದಾಗ ಅಂಕವನ್ನು ನೋಡಿ ಕೂಡಲೇ ಸಹಿ ಹಾಕಿ ಕಳಿಸಬೇಡಿ. ತಾನೇ ಬರೆದ ಉತ್ತರಗಳಲ್ಲಿ ಒಂದನ್ನು ಮಗು ನಿಮ್ಮೆದುರು ಓದಿ, ಅದರಲ್ಲಿ ಏನು ಬರೆದಿದೆ ಎಂದು ಹೇಳಲಿ. ಹೇಳಲು ಬಾರದಿದ್ದರೆ ಗದರಿಸದೆ, ಸಹಿಯ ಪಕ್ಕದಲ್ಲಿ ಆ ಪ್ರಶ್ನೆಯ ಸಂಖ್ಯೆಯನ್ನು ಬರೆದು ನನಗೆ ಕಳಿಸಿ.