ಕೈ ಸೋಕಿದ ಕಾಡು, ನಾಗರಹೊಳೆ

ನಾಗರಹೊಳೆಯನ್ನು ಮನುಷ್ಯನ ಕೈ ಸೋಕದ ಕಾಡೆಂದು ಪ್ರವಾಸಿ ಜಾಹೀರಾತುಗಳು ಬಣ್ಣಿಸುವಾಗಲೆಲ್ಲ ನನಗೆ ಇರಿಸುಮುರಿಸಾಗುತ್ತದೆ. ಕೊಡಗು ಮತ್ತು ಮೈಸೂರು ಜಿಲ್ಲೆಗಳಲ್ಲಿ ಸುಮಾರು 643 ಚದರ ಕಿಲೋಮೀಟರ್ ಹರಡಿರುವ ಈ ಕಾಡಿನ ಪಶ್ಚಿಮ ಭಾಗದಲ್ಲಿ ಮತ್ತಿ, ಹೊನ್ನೆ, ಬೀಟೆ, ನಂದಿ ಮರಗಳು ಎತ್ತರಕ್ಕೆ ಬೆಳೆದಿದ್ದರೆ, ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ದಿಂಡಿಗದಂಥ ಮರಗಳ ಒಣಕಾಡು ತೊಡಗುತ್ತದೆ. ತಗ್ಗುಗಳಲ್ಲಿರುವ ಜೌಗು ಹುಲ್ಲುಬಯಲುಗಳಾದ ಹಡ್ಲುಗಳಲ್ಲಿ ಜಿಂಕೆ, ಕಾಟಿಗಳು ಮೇಯುತ್ತವೆ. ಆದರೆ ಅಲ್ಲಲ್ಲಿ ಎದುರಾಗುವ ತೇಗದ ಸಾಲುಗಳು ತಾವಾಗಿ ಹುಟ್ಟಿದವಲ್ಲ. ಬ್ರಿಟಿಷರ ಕಾಲದಿಂದಲೂ ನೆಟ್ಟು ಬೆಳೆಸಿದ ನೆಡುತೋಪುಗಳವು.

ಇದೇ ಕಾಡಿನ ಕಬಿನಿ ಹೊಳೆಯ ಭಾಗವಾದ ಕಾಕನಕೋಟೆಯ ಕಡೆ ಮನುಷ್ಯನ ಈ ಕೈವಾಡ ಇನ್ನೂ ಆಳವಾದದ್ದು. ಮೈಸೂರು ಅರಸರ ಕಾಲದಿಂದ ಇಲ್ಲಿ ಖೆಡ್ಡಾ ನಡೆಯುತ್ತಿತ್ತು: ತಮಟೆ ಬಡಿದು, ಬೆಂಕಿ ಹಚ್ಚಿ, ಕಾಡಾನೆಗಳ ಹಿಂಡನ್ನು ಕಬಿನಿ ಹೊಳೆಗಿಳಿಸಿ, ಆಚೆ ದಡದಲ್ಲಿ ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ಅಟ್ಟಿ, ಬಾಗಿಲು ಮುಚ್ಚಿದ ಮೇಲೆ ಪಳಗಿದ ಕುಮ್ಕಿ ಆನೆಗಳ ನೆರವಿನಿಂದ ಒಂದೊಂದನ್ನೇ ಹಗ್ಗಕ್ಕೆ ಕಟ್ಟುತ್ತಿದ್ದರು. ಗಣ್ಯ ಅತಿಥಿಗಳಿಗೆ ಅದೊಂದು ನೋಟವೂ ಆಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೈಸೂರು ದಸರೆಯಲ್ಲಿ ಎಂಟು ವರ್ಷ ಚಿನ್ನದ ಅಂಬಾರಿ ಹೊತ್ತ ಆನೆ ಅರ್ಜುನ 1968ರಲ್ಲಿ ಇಲ್ಲೇ ಸಿಕ್ಕಿಬಿದ್ದವನು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಪ್ರಾಣಬಿಟ್ಟನು.

1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಹೊಳೆದಂಡೆಯ ಕಾಡೂ ಊರುಗಳೂ ನೀರಿನಡಿ ಸೇರಿದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಯಲಾಗುವ ಕೆಸರುನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿರುವಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೇ ಬರುತ್ತವೆ. ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡ ಕೆದಕಿ, ಸೊಂಡಿಲಲ್ಲಿ ಹಿಡಿದು, ಮಣ್ಣುದುರಲೆಂದು ಕಾಲಿಗೆ ಬಡಿದು ಬಾಯಿಗಿಡುವುದನ್ನು ಜೀಪಿನಿಂದಲೇ ಕಾಣಬಹುದು. ನಾವು ಫೋಟೊ ತೆಗೆದುಕೊಂಡು ಮೆರೆಯುವ ಈ 'ಸಹಜ' ದೃಶ್ಯ ಅಣೆಕಟ್ಟೆಯ ಕೊಡುಗೆ.

1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಕಾಡಿಗೆ ರಕ್ಷಣೆ ಸಿಕ್ಕಿದ್ದರಿಂದ ಹುಲಿಗಳು ಉಳಿದವು, ಅದರಲ್ಲಿ ಅನುಮಾನವಿಲ್ಲ. ಆದರೆ ಇಲ್ಲಿನ ಆದಿವಾಸಿಗಳಾದ ಜೇನುಕುರುಬರು, ಬೆಟ್ಟಕುರುಬರು, ಯರವರಲ್ಲಿ ಅನೇಕರು ಕಾಡಿನೊಳಗಿನ ತಮ್ಮ ಹಾಡಿಗಳನ್ನು (ವಸತಿಗಳನ್ನು) ಬಿಟ್ಟು ಹೊರನಡೆಯಬೇಕಾಯಿತು. ಆನೆ ಪಳಗಿಸುವ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಜೇನುಕುರುಬರೇ ಹೆಚ್ಚು. ದಸರೆಗೆ ಅವರು ಬೇಕು, ಕಾಡಿಗೆ ಬೇಡ ಎಂಬ ನಿಲುವನ್ನು ನಾನು ಒಪ್ಪಲಾರೆ. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ಕಾಡೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಗುಡಿಸಲು ಹಾಕಿದಾಗ ಅವರು ಮುಂದಿಟ್ಟದ್ದು ಕಾಡುವಾಸಿಗಳ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ.